ಕೆಸರು ಬಯಲಿನ ಲೆಕ್ಕ

ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಮೂವತ್ತು ವರ್ಷಗಳಿಂದ ಈ ಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತ ಬಂದಿರುವ ನನ್ನಿಂದ ಗಣಿತಶಿಕ್ಷಣದ ಸಮಸ್ಯೆಗಳನ್ನು ಕುರಿತ ಬರೆಹವೊಂದನ್ನು ಅವರು ನಿರೀಕ್ಷಿಸಿದ್ದಿರಬೇಕು. ನಾನು ಬರೆಯಹೊರಟಿರುವುದಾದರೋ ಹಕ್ಕಿಗಳನ್ನು ಕುರಿತು. ಆದರೂ ಇದು ಲೆಕ್ಕದ ವಿಷಯವೇ ಎಂಬುದನ್ನು, ಕೊನೆಯವರೆಗೆ ತಾಳ್ಮೆಯಿಂದ ಓದಿದಲ್ಲಿ, ವಾಚಕರು ಒಪ್ಪುವರೆಂದು ನಂಬಿದ್ದೇನೆ.

ಮೊದಲಿಗೆ ನನ್ನ ತಪ್ಪೊಂದನ್ನು ಹೇಳಿಬಿಡುವುದು ಮೇಲು. ನಾಲ್ಕು ವರ್ಷಗಳ ಹಿಂದೆ ದಸರಾ ರಜೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಉತ್ತರ ಕನ್ನಡ ಜಿಲ್ಲೆಯ ಕರಾವಳಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಬಯಲುಸೀಮೆಯ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಸಮುದ್ರವನ್ನು ಕಂಡವರಲ್ಲ. ಗೋಕರ್ಣವನ್ನು ನೋಡಿದ ಮೇಲೆ, ಅಘನಾಶಿನಿ ನದಿಯು ಸಮುದ್ರವನ್ನು ಸೇರುವ ತದಡಿಯಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆಯೆಂದು ಎಲ್ಲಿಯೋ ಓದಿದ್ದ ನೆನಪಿನಿಂದ, ಬಸ್ಸನ್ನು ಅತ್ತ ತಿರುಗಿಸಿದೆವು. ಸೀಗೆ ಹುಣ್ಣಿಮೆಯ ಮರುದಿನ, ಬೆಳಗಿನ ಹನ್ನೊಂದೂವರೆ ಗಂಟೆ. ದಕ್ಕೆಯ ಮೇಲೆ ನಿಂತು ನೋಡಿದರೆ ಈ ದಡದಿಂದ ಆ ದಡದವರೆಗೆ ತುಂಬಿದ ನೀರು; ಎರಡು ದೋಣಿಗಳು; ತಲೆಯ ಮೇಲೆ ಒಂದು ಹದ್ದು. ಅಷ್ಟೇ. “ಇಲ್ಲಿ ಏನೂ ಇಲ್ಲ, ಹೊರಡೋಣ” ಎಂದು ನಾನು ಮಕ್ಕಳಿಗೆ ಹೇಳಿದೆ.

ಪಕ್ಕದಲ್ಲಿ ಬುಟ್ಟಿಯ ತುಂಬ ಬಳಚು ಇಟ್ಟುಕೊಂಡು ಕುಳಿತಿದ್ದ ವೃದ್ಧೆಯೊಬ್ಬಳು ಈ ಮಾತನ್ನು ಕೇಳಿ ನಕ್ಕಳು. “ಮಾಸ್ತರೇ, ತುಂಬಿದ ನೀರು ನೋಡೂಕೆ ಇಷ್ಟು ದೂರ ಬಂದ್ರಾ? ನೀರು ಇಳಿದ ಮೇಲೆ ಬನ್ನಿ” ಎಂದಳು. ಇಳಿಯುವುದು ಯಾವಾಗ ತಾಯೀ ಎಂದು ಕೇಳಿದೆ. ಆಕೆ ಗಡಿಯಾರವನ್ನಾಗಲಿ ನೀರನ್ನಾಗಲಿ ನೋಡಲಿಲ್ಲ. ನಿನ್ನೆ ಹುಣ್ಣಿಮೆಯಾಯಿತಲ್ಲ, ಇಂದು ಸಂಜೆ ಹೊತ್ತು ಮುಳುಗುವ ವೇಳೆಗೆ ತಳ ಕಾಣುತ್ತದೆ ಎಂದಳು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅವು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಆಕೆ ಬೆರಳ ಮೇಲೆ ಎಣಿಸುತ್ತಿದ್ದಳು. ಗಣಿತದ ಮಾಸ್ತರನಾದ ನನಗೆ ಆ ದಿನ ಸಿಕ್ಕ ಮೊದಲನೆಯ ಪಾಠ ಅದು.

ಸಂಜೆ ನಾಲ್ಕು ಗಂಟೆಗೆ ಮರಳಿ ಬಂದೆವು. ಅದೇ ಜಾಗವೆಂದು ನಂಬುವುದು ಕಷ್ಟವಾಯಿತು. ಬೆಳಿಗ್ಗೆ ನೀರಿದ್ದ ಕಡೆಗಳಲ್ಲಿ ಕಂದು ಬಣ್ಣದ ಕೆಸರು ಬಯಲು ಮೇಲೆದ್ದು ಬಿಸಿಲಿಗೆ ಹೊಳೆಯುತ್ತಿತ್ತು. ಕಾಂಡ್ಲಾ ಗಿಡಗಳ ಬೇರುಗಳು ಹೊರಗೆ ಕಾಣುತ್ತಿದ್ದವು. ಮಂಡಿಯುದ್ದದ ನೀರಿನಲ್ಲಿ ಹೆಂಗಸರು ಬಾಗಿ ಬಳಚು ಆಯುತ್ತಿದ್ದರು. ಅವರಿಂದ ಕಲ್ಲೆಸೆತದ ದೂರದಲ್ಲಿ, ಅವರಂತೆಯೇ ಬಾಗಿ, ಅದೇ ಕೆಸರನ್ನು ಶೋಧಿಸುತ್ತ ಹಕ್ಕಿಗಳು ಓಡಾಡುತ್ತಿದ್ದವು. ಒಂದೆರಡಲ್ಲ, ನೂರಾರು. ಸೂರ್ಯ ನಮ್ಮ ಬೆನ್ನ ಹಿಂದಿದ್ದುದರಿಂದ ಒಂದೊಂದರ ಕಾಲಿನ ಬಣ್ಣವೂ ಕಾಣುತ್ತಿತ್ತು.

ಕನ್ನಡದಲ್ಲಿ ಇವುಗಳನ್ನು ಸಾಮಾನ್ಯವಾಗಿ ಗೊರವ ಹಕ್ಕಿಗಳೆನ್ನುತ್ತಾರೆ. ಗೊರವಯ್ಯನೆಂದರೆ ಡಮರುಗ ಹಿಡಿದು ಮನೆಮನೆಗೆ ಬರುವವನೆಂದು ತಿಳಿದಿದ್ದ ನಮ್ಮ ಮಕ್ಕಳಿಗೆ ಈ ಹೆಸರು ಬಹಳ ಹಿಡಿಸಿತು. ಊರೂರು ತಿರುಗುವುದರಲ್ಲಿ ಇವೂ ಕಡಿಮೆಯವಲ್ಲ. ಕೆಂಪು ಕಾಲಿನ ಗೊರವ ಲಡಾಖಿನಲ್ಲಿಯೂ ಮಧ್ಯ ಏಷ್ಯಾದಲ್ಲಿಯೂ ಮರಿ ಮಾಡುವ ಹಕ್ಕಿ. ಗುಂಪುಗುಂಪಾಗಿ ಓಡಿ, ಥಟ್ಟನೆ ನಿಂತು, ನೆಲವನ್ನು ಒಮ್ಮೆ ಕುಕ್ಕಿ ಮತ್ತೆ ಓಡುವ ಪುಟ್ಟ ಮರಳು ಗೊರವಗಳು ಹಿಮಾಲಯದಾಚೆಯ ಟಿಬೆಟ್ ಪ್ರಸ್ಥಭೂಮಿಯ ಕಡೆಯಿಂದ ಬರುತ್ತವೆ. ಬಿಲ್ಲಿನಂತೆ ಬಾಗಿದ ನೀಳ ಕೊಕ್ಕಿನ, ಕೋಳಿಯ ಗಾತ್ರದ ಕರ್ಲ್ಯೂ ಹಕ್ಕಿಯು ಏಷ್ಯಾದ ಉತ್ತರದ ಹುಲ್ಲುಗಾವಲುಗಳಿಂದ ಬರುವುದು. ನಮ್ಮ ಕವಿಗಳು ಶರದೃತುವೆಂದರೆ ತಿಳಿನೀರು, ಬೆಳ್ದಿಂಗಳು, ಹಂಸಗಳೆಂದು ವರ್ಣಿಸುತ್ತ ಬಂದಿದ್ದಾರೆ. ಕೆಸರಿನಲ್ಲಿ ಕಾಲಿಟ್ಟು ನಿಂತ ಈ ಬೂದುಬಣ್ಣದ ಯಾತ್ರಿಕರೂ ಅದೇ ಋತುವಿನ ಅತಿಥಿಗಳೆಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು.

ಹಕ್ಕಿಗಳನ್ನು ನೋಡುತ್ತ ನೋಡುತ್ತ ಮಕ್ಕಳೇ ಒಂದು ಕ್ರಮವನ್ನು ಗುರುತಿಸಿದರು. ಗಿಡ್ಡ ಕೊಕ್ಕಿನವು ಕೆಸರಿನ ಮೇಲ್ಮೈಯನ್ನು ಮಾತ್ರ ಕುಕ್ಕುತ್ತವೆ. ಅವುಗಳ ಕಣ್ಣು ದೊಡ್ಡದು, ನೋಡಿ ಹಿಡಿಯುವ ಬೇಟೆ ಅವುಗಳದು. ಮಧ್ಯಮ ಕೊಕ್ಕಿನವು ಒಂದೆರಡು ಅಂಗುಲ ಆಳಕ್ಕೆ ಚುಚ್ಚುತ್ತವೆ. ಕರ್ಲ್ಯೂ ಹಕ್ಕಿಯಾದರೋ ಕಣ್ಣಿನವರೆಗೂ ಕೊಕ್ಕನ್ನು ಇಳಿಸಿ, ಬಿಲದಲ್ಲಿ ಅಡಗಿದ ಏಡಿಯನ್ನೂ ಹುಳುವನ್ನೂ ಎಳೆದು ತೆಗೆಯುತ್ತದೆ. ಕೊಕ್ಕನ್ನು ಪೂರ್ತಿ ತೆರೆಯದೆ ಅದರ ತುದಿಯನ್ನಷ್ಟೇ ಅಗಲಿಸಿ ಹಿಡಿಯುವ ಶಕ್ತಿ ಇಂಥ ನೀಳಕೊಕ್ಕಿನ ಹಕ್ಕಿಗಳಿಗಿದೆ. ಕರ್ಲ್ಯೂಗಳಲ್ಲಿ ಹೆಣ್ಣಿನ ಕೊಕ್ಕು ಗಂಡಿನ ಕೊಕ್ಕಿಗಿಂತ ಉದ್ದ. ಹೀಗೆ ಒಂದೇ ಕೆಸರು ಬೇರೆ ಬೇರೆ ಆಳಗಳಲ್ಲಿ ಬೇರೆ ಬೇರೆ ಜಾತಿಗಳಿಗೆ ಅನ್ನ ನೀಡುತ್ತದೆ. ಒಂದು ಚದರ ಮೀಟರಿನ ಇಂಥ ಕೆಸರಿನಲ್ಲಿ ಸಾವಿರಾರು ಸಣ್ಣ ಜೀವಿಗಳಿರುತ್ತವೆ. ಘಟ್ಟದ ಕಾಡುಗಳ ತರಗೆಲೆ ಮತ್ತು ಮೆಕ್ಕಲು, ಸಮುದ್ರದ ಉಪ್ಪು, ಇವೆರಡನ್ನೂ ದಿನಕ್ಕೆರಡು ಬಾರಿ ಕಲಸುವ ಉಬ್ಬರವಿಳಿತ, ಇವೇ ಆ ಸಮೃದ್ಧಿಯ ಕಾರಣಗಳು. ಅಘನಾಶಿನಿಗೆ ಅಣೆಕಟ್ಟುಗಳಿಲ್ಲದಿರುವುದರಿಂದ ಘಟ್ಟದ ಆ ಕೊಡುಗೆ ಇಂದಿಗೂ ತಡೆಯಿಲ್ಲದೆ ಇಳಿದು ಬರುತ್ತಿದೆ.

ಮನುಷ್ಯರೂ ಆ ಪಂಕ್ತಿಯಲ್ಲಿಯೇ ಕುಳಿತವರು. ನದಿಯ ದಡದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತವನ್ನು ರೈತರು ಬೆಳೆಯುತ್ತ ಬಂದಿದ್ದಾರೆ. ನೀರಿನಲ್ಲಿಯೇ ನಿಂತು ತೆನೆಗಳನ್ನಷ್ಟೇ ಕೊಯ್ದುಕೊಂಡು, ಬಳಿಕ ಗಜನಿಗೆ ಉಬ್ಬರದ ನೀರನ್ನು ಬಿಟ್ಟರೆ ಸೀಗಡಿಯೂ ಮೀನೂ ಬರುತ್ತವೆ. ಕೊಯ್ಲಾದ ಆ ಗದ್ದೆಗಳಿಗೂ ಸಾಣಿಕಟ್ಟೆಯ ಉಪ್ಪಿನ ಆಗರಗಳಿಗೂ ಗೊರವಗಳು ಇಳಿಯುತ್ತವೆ. ಉಬ್ಬರದ ಹೊತ್ತಿನಲ್ಲಿ ಕೆಸರು ಮುಳುಗಿದಾಗ ಅವು ಕಾದು ಕುಳಿತುಕೊಳ್ಳುವುದು ಇಂಥ ಎಡೆಗಳಲ್ಲಿಯೇ. ನಾನು “ಏನೂ ಇಲ್ಲ” ಎಂದ ಆ ಬೆಳಿಗ್ಗೆಯೂ ಹಕ್ಕಿಗಳು ಇದ್ದವು. ನನಗೆ ನೋಡುವ ಜಾಗ ಗೊತ್ತಿರಲಿಲ್ಲ. 2024ರಲ್ಲಿ ಅಘನಾಶಿನಿಯ ಅಳಿವೆಯ 4,801 ಹೆಕ್ಟೇರು ಪ್ರದೇಶವನ್ನು ರಾಮ್ಸಾರ್ ಒಪ್ಪಂದದ ಮೇರೆಗೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ಘೋಷಿಸಲಾಯಿತು. ಆರರಿಂದ ಏಳೂವರೆ ಸಾವಿರ ಕುಟುಂಬಗಳು ಮೀನು, ಬಳಚು, ಏಡಿ, ಬೇಸಾಯ, ಉಪ್ಪು ಇವುಗಳ ಮೂಲಕ ಅದನ್ನು ನಂಬಿ ಬದುಕುತ್ತಿವೆಯೆಂದು ಆ ಸಂದರ್ಭದಲ್ಲಿ ಪ್ರಕಟವಾದ ವಿವರಗಳಲ್ಲಿ ಹೇಳಲಾಗಿದೆ.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. “ಇಲ್ಲಿ ಏನೂ ಇಲ್ಲ” ಎಂದವನು ನಾನೊಬ್ಬನೇ ಅಲ್ಲ. ಕೆಸರು ಬಯಲು ಎಂದೊಡನೆ ಅದು ಖಾಲಿ ಜಾಗ, ಪಾಳು ನೆಲ, ಯಾವುದಾದರೊಂದು ಉಪಯೋಗಕ್ಕೆ ತರಬೇಕಾದ ಭೂಮಿ ಎಂದು ಎಣಿಸುವುದು ವಿದ್ಯಾವಂತರ ರೂಢಿಯಾಗಿದೆ. ತದಡಿಯಲ್ಲಿ ಹಿಂದೆ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಸ್ಥಳೀಯ ಜನರ ವಿರೋಧದಿಂದಾಗಿ ಬಿದ್ದುಹೋಯಿತು. ಬಳಿಕ ಬಂದರಿನ ಪ್ರಸ್ತಾಪ ಬಂದಿತು. ಬಂದರೂ ಬೇಡ, ವಿದ್ಯುತ್ತೂ ಬೇಡ ಎನ್ನುವಷ್ಟು ಹಠವಾಗಲಿ ಆ ವಿಷಯಗಳ ಪಾಂಡಿತ್ಯವಾಗಲಿ ನನಗಿಲ್ಲ. ನಮ್ಮ ದಾನಿಗಳಲ್ಲಿ ಅನೇಕರು ವ್ಯಾಪಾರಸ್ಥರು. ಅವರಿಗೆ ತಿಳಿಯುವ ಮಾತಿನಲ್ಲಿ ಹೇಳುವುದಾದರೆ, ಖಾತೆಯಲ್ಲಿ ಬರುವ ಲಾಭವನ್ನೆಲ್ಲ ಒಂದು ಬದಿಗೆ ಬರೆದು, ಹೋಗುವುದನ್ನು ಬರೆಯಬೇಕಾದ ಬದಿಯನ್ನು ಖಾಲಿ ಬಿಟ್ಟರೆ ಆ ಲೆಕ್ಕ ತಾಳೆಯಾಗುವುದಿಲ್ಲ. ಎಣಿಸದೆ ಇರುವುದನ್ನು ಸೊನ್ನೆಯೆಂದು ಬರೆಯುವುದು ಗಣಿತದಲ್ಲಿ ಕ್ಷಮಿಸಲಾಗದ ತಪ್ಪು. ಸೊನ್ನೆ ಬೇರೆ, ಗೊತ್ತಿಲ್ಲದ ಸಂಖ್ಯೆ ಬೇರೆ.

ಈ ತಪ್ಪಿನ ಪರಿಣಾಮವೇನೆಂಬುದಕ್ಕೆ ದೂರದ ಉದಾಹರಣೆಯೊಂದಿದೆ. ದಕ್ಷಿಣ ಕೊರಿಯಾದ ಸೆಮಾಂಗಮ್ ಎಂಬಲ್ಲಿ 33 ಕಿಲೋಮೀಟರ್ ಉದ್ದದ ಗೋಡೆಯೊಂದನ್ನು ಸಮುದ್ರದಲ್ಲಿ ಕಟ್ಟಿ, 2006ರಲ್ಲಿ ವಿಶಾಲವಾದ ಕೆಸರು ಬಯಲಿಗೆ ಉಬ್ಬರದ ನೀರು ಬಾರದಂತೆ ಮುಚ್ಚಲಾಯಿತು. ಗ್ರೇಟ್ ನಾಟ್ ಎಂಬ ಗೊರವ ಹಕ್ಕಿಗಳು ಸೈಬೀರಿಯಾಕ್ಕೂ ಆಸ್ಟ್ರೇಲಿಯಾಕ್ಕೂ ನಡುವಿನ ಪಯಣದಲ್ಲಿ ಅಪಾರ ಸಂಖ್ಯೆಯಲ್ಲಿ ಅಲ್ಲಿ ಇಳಿಯುತ್ತಿದ್ದವು. ಇಲ್ಲಿ ಇಲ್ಲದಿದ್ದರೆ ಪಕ್ಕದ ಬಯಲಿಗೆ ಹೋಗುತ್ತವೆಂದು ಭಾವಿಸುವುದು ಸಹಜ. ಆದರೆ ಆ ಹಕ್ಕಿಗಳು ಅಕ್ಕಪಕ್ಕದ ಬಯಲುಗಳಿಗೆ ಹೋಗಿ ಸೇರಿದುದು ಕಾಣಲಿಲ್ಲ. ಅವು ಚಳಿಗಾಲವನ್ನು ಕಳೆಯುವ ಆಸ್ಟ್ರೇಲಿಯಾದ ದಂಡೆಯಲ್ಲಿಯೂ ಸಂಖ್ಯೆ ಕುಸಿಯಿತು. ದಾರಿಯ ನಡುವಿನ ಒಂದು ಛತ್ರದ ಬಾಗಿಲು ಮುಚ್ಚಿದರೆ, ಯಾತ್ರಿಕನು ಮುಂದಿನ ಛತ್ರದವರೆಗೆ ನಡೆಯಬಲ್ಲನೆಂಬ ಭರವಸೆಯಿಲ್ಲ.

ಆ ಪಯಣವೂ ಸಾಮಾನ್ಯವಾದುದಲ್ಲ. 2022ರ ಅಕ್ಟೋಬರಿನಲ್ಲಿ ಬಾರ್-ಟೇಲ್ಡ್ ಗಾಡ್ವಿಟ್ ಎಂಬ ಜಾತಿಯ ಗೊರವ ಹಕ್ಕಿಯೊಂದು ಅಲಾಸ್ಕಾದಿಂದ ಹೊರಟು, ಎಲ್ಲಿಯೂ ಇಳಿಯದೆ, ಹನ್ನೊಂದು ದಿನಗಳ ಕಾಲ ಹಾರಿ, 13,560 ಕಿಲೋಮೀಟರ್ ದೂರದ ಟಾಸ್ಮೇನಿಯಾವನ್ನು ತಲುಪಿತು. ಬೆನ್ನಿಗೆ ಕಟ್ಟಿದ ಸಣ್ಣ ಯಂತ್ರದಿಂದ ಇದು ತಿಳಿಯಿತು. ಅದರ ವಯಸ್ಸು ಸುಮಾರು ಐದು ತಿಂಗಳು. ಗೊರವಗಳ ಅನೇಕ ಜಾತಿಗಳಲ್ಲಿ ತಂದೆತಾಯಿಗಳು ಮೊದಲೇ ಹೊರಟುಹೋಗುತ್ತವೆ. ಮರಿಗಳು ಕೆಲವು ವಾರಗಳ ಬಳಿಕ, ಹಿಂದೆಂದೂ ಕಾಣದ ದಾರಿಯಲ್ಲಿ, ತಾವಾಗಿಯೇ ಬರುತ್ತವೆ. ಶರದೃತುವಿನಲ್ಲಿ ನಮ್ಮ ಅಳಿವೆಗಳಲ್ಲಿ ಇಳಿಯುವ ಹಕ್ಕಿಗಳಲ್ಲಿ ಹೀಗೆ ಮೊದಲ ಬಾರಿಗೆ ಬಂದ ಮರಿಗಳೂ ಇರುತ್ತವೆ. ಹಳೆಯ ಹಕ್ಕಿಗಿಂತ ಅಂಚು ಕಟ್ಟಿದಂತೆ ಸ್ವಚ್ಛವಾದ ಹೊಸ ಗರಿಗಳಿಂದ ಅವುಗಳನ್ನು ಗುರುತಿಸಬಹುದು. ಇದನ್ನು ಮಕ್ಕಳಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅವರಲ್ಲಿ ಹಲವರು ಮನೆಯನ್ನು ಬಿಟ್ಟು ನಮ್ಮ ವಿದ್ಯಾರ್ಥಿನಿಲಯಕ್ಕೆ ಬಂದವರು.

ಹಾಗಾದರೆ ಬಯಲುಸೀಮೆಯ ಒಂದು ಶಾಲೆಯು ಇದರಲ್ಲಿ ಮಾಡಬಹುದಾದುದೇನು? ಭಾಷಣ ಸ್ಪರ್ಧೆಗಳಲ್ಲಿ ಪರಿಸರ ಸಂರಕ್ಷಣೆಯನ್ನು ಕುರಿತು ನಮ್ಮ ಮಕ್ಕಳು ಬಹುಮಾನಗಳನ್ನು ತಂದಿದ್ದಾರೆ, ಅದು ಸಂತೋಷವೇ. ಆದರೆ ನನ್ನ ಅಭಿಪ್ರಾಯದಲ್ಲಿ ನೂರು ಭಾಷಣಗಳಿಗಿಂತ ಒಂದು ಎಣಿಕೆ ಹೆಚ್ಚು ಬೆಲೆಯುಳ್ಳದ್ದು. 2024ರ ಅಕ್ಟೋಬರಿನಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಹದಿನಾರು ಜಾತಿಯ ವಲಸೆ ಗೊರವಗಳನ್ನು ಹಿಂದಿಗಿಂತ ಹೆಚ್ಚಿನ ಅಪಾಯದ ವರ್ಗಗಳಿಗೆ ಸೇರಿಸಿತು. ನಮ್ಮ ದೇಶದ ಕರಾವಳಿಗೆ ಬರುವ ಗ್ರೇ ಪ್ಲೋವರ್ ಮತ್ತು ಕರ್ಲ್ಯೂ ಸ್ಯಾಂಡ್‌ಪೈಪರ್ ಅವುಗಳಲ್ಲಿ ಸೇರಿವೆ. ಹಕ್ಕಿಗಳು ಕಡಿಮೆಯಾಗಿವೆಯೆಂದು ತಿಳಿದದ್ದು ಹೇಗೆ? ಹತ್ತಾರು ದೇಶಗಳಲ್ಲಿ ಸಾಮಾನ್ಯ ಜನರು ವರ್ಷ ವರ್ಷವೂ ಅದೇ ದಂಡೆಯ ಮೇಲೆ ನಿಂತು, ಎಣಿಸಿ, ಬರೆದಿಟ್ಟದ್ದರಿಂದ. ಏಷ್ಯಾದ ನೀರುಹಕ್ಕಿಗಳ ಗಣತಿಯೂ 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರಿಂದಲೇ ನಡೆದು ಬಂದಿದೆ. ಅದಕ್ಕೆ ಪದವಿ ಬೇಕಾಗಿಲ್ಲ; ಕಣ್ಣು, ತಾಳ್ಮೆ, ಪ್ರಾಮಾಣಿಕತೆ ಬೇಕು.

ಎಣಿಸುವುದು ಸುಲಭವೆಂದು ಯಾರೂ ತಿಳಿಯಬಾರದು. ಮೊದಲ ಸಂಜೆ ಒಬ್ಬ ಹುಡುಗನ ಲೆಕ್ಕದಲ್ಲಿ ಹಕ್ಕಿಗಳು 140. ಅವನ ಪಕ್ಕದಲ್ಲಿಯೇ ನಿಂತಿದ್ದ ಹುಡುಗಿಯ ಲೆಕ್ಕದಲ್ಲಿ 310. ಹುಡುಗನು ಆಕೆಯ ಪುಸ್ತಕವನ್ನು ಇಣುಕಿ ನೋಡಿ, ತನ್ನ ಸಂಖ್ಯೆಯನ್ನು ಹೊಡೆದುಹಾಕಿ 300 ಎಂದು ಬರೆದ. ತರಗತಿಯಲ್ಲಿ ನಾವು ಕಲಿಸಿದ್ದನ್ನೇ ಅವನು ಮಾಡಿದ್ದ. ಉತ್ತರವು ಪುಸ್ತಕದ ಕೊನೆಯಲ್ಲಿರುತ್ತದೆ, ಅದಕ್ಕೆ ಹೊಂದದ ಉತ್ತರ ತಪ್ಪು ಎಂಬುದೇ ಅಲ್ಲವೇ ನಮ್ಮ ಪಾಠ? ಕೆಸರು ಬಯಲಿನ ಲೆಕ್ಕಕ್ಕೆ ಹಿಂಬದಿಯ ಉತ್ತರವಿಲ್ಲ. ನೀನು ಕಂಡದ್ದನ್ನೇ ಬರೆ, ಗುರುತಿಸಲಾಗದುದನ್ನು ಗುರುತಿಸಲಾಗಲಿಲ್ಲವೆಂದು ಬರೆ ಎಂದು ಅವನಿಗೆ ಹೇಳಿದೆ. ಮತ್ತೆ ಎಣಿಸಿದೆವು: ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅಷ್ಟು ಹಕ್ಕಿಗಳು ಕಣ್ಣಿಗೆ ಎಷ್ಟು ಜಾಗವನ್ನು ತುಂಬುತ್ತವೆಂದು ನೋಡಿಕೊಂಡು, ಆ ಅಳತೆಯಿಂದ ಗುಂಪನ್ನು ಅಳೆಯುವುದು, ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಎರಡನ್ನೂ ದಾಖಲಿಸುವುದು. ಎರಡನೆಯ ಸಲ ಅವರ ಸಂಖ್ಯೆಗಳು ಹತ್ತಿರ ಬಂದವು. ಸರಾಸರಿ, ಅಂದಾಜು, ದೋಷದ ಮಿತಿ ಎಂಬ ಮಾತುಗಳನ್ನು ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಅವು ಮಕ್ಕಳಿಗೆ ಅರ್ಥವಾದುದನ್ನು ಕಣ್ಣಾರೆ ಕಂಡದ್ದು ಆ ಸಂಜೆ.

ಅಂದಿನಿಂದ ನಮ್ಮಲ್ಲಿ ಒಂದು ದಪ್ಪ ರಟ್ಟಿನ ದಾಖಲೆ ಪುಸ್ತಕವಿದೆ. ಅದರಲ್ಲಿ ಮೂರು ವರ್ಷಗಳ ಎಣಿಕೆಗಳಿವೆ. ದಿನಾಂಕ, ತಿಥಿ, ಇಳಿತದ ವೇಳೆ, ಎಣಿಸಿದವರ ಹೆಸರು ಎಲ್ಲವೂ ಉಂಟು. ನಡುವಿನ ಒಂದು ಪುಟ ಮಾತ್ರ ಖಾಲಿಯಾಗಿದೆ. ಆ ವರ್ಷ ಹತ್ತನೆಯ ತರಗತಿಯ ಫಲಿತಾಂಶವನ್ನು ಹೆಚ್ಚಿಸುವ ಸಲುವಾಗಿ ದಸರಾ ರಜೆಯಲ್ಲಿ ವಿಶೇಷ ತರಗತಿಗಳನ್ನು ನಡೆಸಿದೆವು. ಪ್ರವಾಸವನ್ನು ರದ್ದುಪಡಿಸಬೇಕೆಂಬ ಸಲಹೆಗೆ ನಾನೂ ಒಪ್ಪಿದೆ. ಫಲಿತಾಂಶವೇನೋ ಒಳ್ಳೆಯದಾಯಿತು. ಆದರೆ ಆ ಖಾಲಿ ಪುಟವನ್ನು ಇನ್ನು ಯಾರೂ ತುಂಬಲಾರರು. ಆ ವರ್ಷ ಹಕ್ಕಿಗಳು ಬರಲಿಲ್ಲವೆಂದಲ್ಲ, ನಾವು ಹೋಗಲಿಲ್ಲ. ಅಲ್ಲಿ ಸೊನ್ನೆ ಬರೆಯಲು ಹೊರಟಿದ್ದ ವಿದ್ಯಾರ್ಥಿಯೊಬ್ಬನನ್ನು ಇನ್ನೊಬ್ಬಳು ತಡೆದು, “ಹೋಗಿಲ್ಲ” ಎಂದು ಬರೆಸಿದಳು. ಆಕೆಯೇ ಹಿಂದೆ 310 ಎಂದು ಎಣಿಸಿದವಳು.

ಮೂರು ವರ್ಷಗಳ ಸಂಖ್ಯೆಗಳಿಂದ ಹಕ್ಕಿಗಳು ಹೆಚ್ಚಿವೆಯೋ ಕಡಿಮೆಯಾಗಿವೆಯೋ ಎಂದು ಹೇಳಲು ಬಾರದು. ಮಳೆ, ತಿಥಿ, ಗಾಳಿ ಇವುಗಳಿಂದ ಎಣಿಕೆ ವರ್ಷಕ್ಕೊಂದು ರೀತಿಯಾಗಿರುತ್ತದೆ. ಹತ್ತು ವರ್ಷಗಳ ದಾಖಲೆ ಏನನ್ನಾದರೂ ಹೇಳೀತು; ಇಪ್ಪತ್ತು ವರ್ಷಗಳದು ಖಂಡಿತವಾಗಿ ಹೇಳುತ್ತದೆ. ನನ್ನ ನಿವೃತ್ತಿಗೆ ಉಳಿದಿರುವುದು ಎರಡು ವರ್ಷ. ಆದುದರಿಂದಲೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಒಬ್ಬ ಮಾಸ್ತರನ ಹವ್ಯಾಸವು ಅವನೊಂದಿಗೆ ಮನೆಗೆ ಹೋಗುತ್ತದೆ. ಸಂಸ್ಥೆಯ ಪದ್ಧತಿಯಾದರೆ ಉಳಿಯುತ್ತದೆ. ನಮ್ಮ ಸಂಸ್ಥೆಯು ತಲೆಮಾರುಗಳ ಕೆಲಸವನ್ನು ಕೈಗೊಂಡು ನಡೆಸಬಲ್ಲುದೆಂಬುದಕ್ಕೆ ಈ ಸಂಚಿಕೆಯೇ ಸಾಕ್ಷಿ.

ನಮ್ಮ ಶಾಲೆಯ ಕೊಠಡಿಗಳೆಲ್ಲ ದಾನಿಗಳ ಔದಾರ್ಯದಿಂದ ನಿಂತಿವೆ. ಬಾಗಿಲುಗಳ ಮೇಲಿನ ಶಿಲಾಫಲಕಗಳಲ್ಲಿ ಅವರ ಹೆಸರುಗಳಿವೆ, ಇರತಕ್ಕದ್ದೇ. ಈಗ ನಾನು ಕೇಳುತ್ತಿರುವುದು ಆರು ದುರ್ಬೀನುಗಳನ್ನು, ಕಾಲ್ಮಣೆಯುಳ್ಳ ಒಂದು ದೂರದರ್ಶಕವನ್ನು, ಮತ್ತು ವರ್ಷಕ್ಕೊಮ್ಮೆ ಬಸ್ಸಿನ ವೆಚ್ಚವನ್ನು. ದುರ್ಬೀನಿನ ಮೇಲೆ ಹೆಸರು ಕೆತ್ತಿಸಲು ಸ್ಥಳ ಕಡಿಮೆ; ಆದರೆ ದಾಖಲೆ ಪುಸ್ತಕದ ಮೊದಲ ಪುಟ ದೊಡ್ಡದಾಗಿದೆ. ಗ್ರಂಥಾಲಯಕ್ಕೆ ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಪುಸ್ತಕವನ್ನೂ, ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕವನ್ನೂ ಹಳೆಯ ವಿದ್ಯಾರ್ಥಿಗಳು ಕೊಡಿಸಬಹುದು. ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇನ್ನೂ ಸರಳವಾದುದು: ಪ್ರವಾಸದ ದಿನವನ್ನು ಬಸ್ಸಿನ ಅನುಕೂಲ ನೋಡಿ ಗೊತ್ತುಮಾಡದೆ, ಪಂಚಾಂಗವನ್ನು ನೋಡಿ ಇಳಿತದ ಹೊತ್ತಿಗೆ ಗೊತ್ತುಮಾಡಿರಿ. ಕರಾವಳಿಯವರೆಗೆ ಹೋಗಲು ಅನುಕೂಲವಾಗದ ವರ್ಷ ಗದಗ ಜಿಲ್ಲೆಯ ಮಾಗಡಿ ಕೆರೆಗಾದರೂ ಹೋಗಬಹುದು. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ ಆ ಕೆರೆಯೂ 2024ರಲ್ಲಿಯೇ ರಾಮ್ಸಾರ್ ಪಟ್ಟಿಯನ್ನು ಸೇರಿದೆ. ಹಾಗೆ ಹೋದಾಗ ಅದರ ಲೆಕ್ಕವನ್ನು ಬೇರೆ ಪುಟದಲ್ಲಿ ಬರೆಯಿರಿ, ಎರಡನ್ನೂ ಕೂಡಿಸಬೇಡಿರಿ.

ಹೊಟ್ಟೆಪಾಡೇ ಕಷ್ಟವಾಗಿರುವ ನಾಡಿನಲ್ಲಿ ಹಕ್ಕಿಗಳನ್ನು ಎಣಿಸುವುದು ಉಂಡವರ ವಿನೋದವಲ್ಲವೇ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆಗೆ ಉತ್ತರವನ್ನು ತದಡಿಯ ದಕ್ಕೆಯ ಮೇಲಿನ ವೃದ್ಧೆಯೇ ಕೊಟ್ಟಿದ್ದಾಳೆ. ಕಳೆದ ವರ್ಷ ಹೋದಾಗ ಆಕೆ ನಮ್ಮನ್ನು ಗುರುತು ಹಿಡಿದು, ಮಕ್ಕಳ ಪುಸ್ತಕವನ್ನು ತೆರೆಸಿ ನೋಡಿ, ಹಕ್ಕಿಗಳ ಲೆಕ್ಕ ಬರೆದಿರಿ, ಬಳಚಿನ ಲೆಕ್ಕ ಎಲ್ಲಿ ಎಂದು ಕೇಳಿದಳು. ಮರಳು ತೆಗೆದ ಕಡೆ ಬಳಚು ಸಿಗುವುದಿಲ್ಲ, ಬಳಚು ಸಿಗದ ಕಡೆ ಹಕ್ಕಿಯೂ ಇಳಿಯುವುದಿಲ್ಲ, ನಮ್ಮ ಅನ್ನವೂ ಅವುಗಳ ಅನ್ನವೂ ಒಂದೇ ಕೆಸರಿನಲ್ಲಿದೆ ಎಂಬುದು ಆಕೆಯ ಮಾತಿನ ಸಾರಾಂಶ. ಮಕ್ಕಳು ತಲೆತಗ್ಗಿಸಿದರು, ನಾನೂ ತಗ್ಗಿಸಿದೆ. ಈ ವರ್ಷ ಆ ಪುಸ್ತಕದಲ್ಲಿ ಇನ್ನೊಂದು ಅಂಕಣವನ್ನು ಗೆರೆ ಎಳೆದು ಇಟ್ಟಿದ್ದೇವೆ. ಅದನ್ನು ಹೇಗೆ ತುಂಬಬೇಕೆಂಬುದನ್ನು ಆಕೆಯಿಂದ ಕೇಳಿ ಕಲಿಯಬೇಕಾಗಿದೆ.